ಕುಜ್ಮನ ಮುಖ

(ಅಂತರಸಂತೆಯ ವಾಚನಾಲಯದಲ್ಲಿ, ಗೋಡೆಚಿತ್ರದ ಬಗ್ಗೆ ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಚಿತ್ರ ಬರೆಯಬಲ್ಲವನಲ್ಲ. ಮೇಷ್ಟರಾಗಿದ್ದಾಗ ಕಪ್ಪು ಹಲಗೆಯ ಮೇಲೆ ಹಸು ಬರೆದರೆ ಮಕ್ಕಳು ಅದನ್ನು ಕುದುರೆ ಎಂದು ಓದುತ್ತಿದ್ದರು. ಆದರೂ ಈ ಹೊತ್ತು ಚಿತ್ರದ ವಿಷಯವನ್ನೇ ಮಾತನಾಡಬೇಕಾಗಿ ಬಂದಿದೆ. ಕಾರಣ ತಮ್ಮ ಬೆನ್ನ ಹಿಂದೆಯೇ ಇದೆ. ಸುಣ್ಣ ಬಳಿದು ಬಿಟ್ಟಿರುವ ಆ ಗೋಡೆಯನ್ನು ನೋಡಿ. ಹತ್ತು ಅಡಿ ಎತ್ತರ, ಹತ್ತೊಂಬತ್ತು ಅಡಿ ಅಗಲ. ಕಬಿನಿ ನೀರು ಏರಿ ಬಂದಾಗ ಊರು ಬಿಟ್ಟು ಹೊರಟವರ ಚಿತ್ರ ಅದರ ಮೇಲೆ ಬರಬೇಕೆಂದು ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೇವೆ. ಬರೆಯುವ ಹುಡುಗ ಒಪ್ಪಿದ್ದಾನೆ. ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದವನು. ಫ್ಲೆಕ್ಸು ಬಂದ ಮೇಲೆ ಕೆಲಸ ಕೈ ಬಿಟ್ಟಿತು, ಕೈಯ ಕಸಬು ಬಿಟ್ಟಿಲ್ಲ.

ಮೊನ್ನೆ ಆತ ಕಮಿಟಿಯವರನ್ನು ಒಂದು ಮಾತು ಕೇಳಿದ. "ಜನ ಬರೆಯುತ್ತೇನೆ ಸರಿ, ಯಾರ ಮುಖ ಹಾಕಲಿ?" ಕಮಿಟಿಯವರು ಒಂದು ಪಟ್ಟಿ ಕೊಟ್ಟರು. ಹನ್ನೊಂದು ಹೆಸರು. ಚಂದಾ ಕೊಟ್ಟವರು, ಮುಂದಾಳುಗಳು, ಕಾರ್ಯಕರ್ತರು. ಅವರ ಹಿಂದೆ ಜನಸಂದಣಿ. ಅದನ್ನು ಮೊಬೈಲಿನಲ್ಲಿ ಸಿಕ್ಕುವ ಯಾವುದಾದರೂ ಸಂದಣಿ ನೋಡಿ ಬರೆದುಕೊಳ್ಳಬಹುದು ಎಂದರು. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಅಣೆಕಟ್ಟೆ ಮುಗಿದದ್ದು ೧೯೭೪ರಲ್ಲಿ. ಆಗ ನಾನು ಹುಟ್ಟಿರಲೇ ಇಲ್ಲ. ಹುಟ್ಟದವನು ಊರು ಬಿಟ್ಟು ಹೊರಟದ್ದು ಹೇಗೆ ಎಂದು ಕೇಳಿದರೆ, "ಇರಲಿ ಬಿಡಿ ಮೇಷ್ಟ್ರೇ, ಶೋಭೆಗೆ" ಎಂದರು.

ಈ ಶೋಭೆಯ ಮಾತಿನಿಂದಲೇ ನಾನು ಇಷ್ಟು ಪುಟ ತಿರುವಿ ಹಾಕಿದ್ದು. ದೊಡ್ಡ ಚರಿತ್ರೆಯ ಚಿತ್ರ ಬರೆಯುವವರು ಒಂದೇ ಸಲಕ್ಕೆ ಗೋಡೆಯ ಮುಂದೆ ನಿಂತು ಬರೆಯುವುದಿಲ್ಲ. ಮೊದಲು ಒಂದೊಂದೇ ಮುಖವನ್ನು ಬೇರೆ ಹಾಳೆಯ ಮೇಲೆ, ಸಣ್ಣ ಬಟ್ಟೆಯ ಮೇಲೆ, ಎದುರಿಗೆ ಆಳು ಕೂರಿಸಿಕೊಂಡು ಬರೆದುಕೊಳ್ಳುತ್ತಾರೆ. ಅದನ್ನು ನಾನು ಕರಡು ಮುಖ ಎಂದು ಕರೆಯುತ್ತೇನೆ. ದಸ್ತಾವೇಜಿಗೆ ಕರಡು ಇದ್ದ ಹಾಗೆ. ಯಾರ ಜಮೀನು ಯಾರಿಗೆ ಹೋಗುತ್ತದೆ ಎಂಬುದು ಕರಡಿನಲ್ಲೇ ಗೊತ್ತಾಗುತ್ತದಷ್ಟೆ. ಚರಿತ್ರೆ ಯಾರ ಪಾಲಿಗೆ ಹೋಗುತ್ತದೆ ಎಂಬುದೂ ಈ ಕರಡು ಮುಖಗಳಲ್ಲೇ ಗೊತ್ತಾಗುತ್ತದೆ.

ದೂರ ಹೋಗುವ ಮುಂಚೆ ನಮ್ಮ ಶ್ರೀರಂಗಪಟ್ಟಣಕ್ಕೇ ಹೋಗೋಣ. ದರಿಯಾ ದೌಲತ್ತನ್ನು ತಾವೆಲ್ಲ ನೋಡಿದ್ದೀರಿ. ಶಾಲೆಯ ಪ್ರವಾಸವೆಂದರೆ ಮೊದಲು ಅದೇ ತಾನೆ. ಟಿಪ್ಪು ೧೭೮೪ರಲ್ಲಿ ಕಟ್ಟಿಸಿದ ಆ ತೋಟದ ಅರಮನೆಯ ಪಡುಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧ ಇದೆ. ಅದು ನಡೆದದ್ದು ೧೭೮೦ರ ಸೆಪ್ಟೆಂಬರಿನಲ್ಲಿ. ಹೈದರ್ ಇದ್ದಾನೆ, ಟಿಪ್ಪು ಇದ್ದಾನೆ, ಪಲ್ಲಕ್ಕಿಯಲ್ಲಿ ಸೋತು ಕುಳಿತ ಕರ್ನಲ್ ಬೈಲಿ ಇದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಹೊತ್ತು ಮೀರಿ ಬಂದ ನಿಜಾಮನನ್ನು ಹಂದಿ, ಹಸುವಿನ ಜೊತೆ ಸೇರಿಸಿ ಗೇಲಿ ಮಾಡಿದ ಜಾಗ ಇದೆ. ಬರೆದವನು ನಮ್ಮ ಕಡೆಯ ರಸಿಕನೇ ಸರಿ. ಮುಂದೆ ಅರಮನೆ ಬ್ರಿಟಿಷರ ಕೈಗೆ ಹೋದ ಮೇಲೆ ಆ ಗೋಡೆಗೆ ಎರಡು ಸಲ ಮತ್ತೆ ಬಣ್ಣ ಹಚ್ಚಿಸಿದರು, ಒಮ್ಮೆ ವೆಲ್ಲೆಸ್ಲಿ, ಇನ್ನೊಮ್ಮೆ ಡಾಲ್‌ಹೌಸಿ. ಬಹಳ ಸೊಗಸಾದ ಗೋಡೆ. ಆದರೆ ಮುಂದಿನ ಸಲ ಹೋದಾಗ ಸಾಲಿನಲ್ಲಿ ನಿಂತ ಸಿಪಾಯಿಗಳನ್ನು ನೋಡಿ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಒತ್ತಿದ ಹಾಗೆ. ಅದೇ ಮೂಗು, ಅದೇ ಕಣ್ಣು, ಅದೇ ನಿಲುವು. ಸಾಯುವವನದೂ ಕೊಲ್ಲುವವನದೂ ಒಂದೇ ಮುಖ. ದೊರೆಗೆ ಮಾತ್ರ ದೊರೆಯ ಮುಖ.

ಇದು ನಮ್ಮವರು ಬರೆದದ್ದು. ಗೆದ್ದ ಇಂಗ್ಲಿಷರು ಏನು ಮಾಡಿದರು? ೧೭೯೯ರ ಮೇ ೪ರಂದು ಕೋಟೆ ಬಿತ್ತು, ಟಿಪ್ಪು ಬಿದ್ದ. ಆ ಕಾಲಕ್ಕೆ ಮದರಾಸಿನಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಗಾರನಿದ್ದ. ಐರ್ಲೆಂಡಿನ ಡಬ್ಲಿನ್ನಿನವನು, ಚೀನಾಕ್ಕೆ ಹೋದ ಬ್ರಿಟಿಷ್ ರಾಯಭಾರದ ಜೊತೆ ಚಿತ್ರಗಾರನಾಗಿ ಹೋಗಿ ಬಂದವನು. ಮೈಸೂರಿನ ಯುದ್ಧದ ಮೇಲೆ ಏಳು ಭಾರಿ ಚರಿತ್ರೆಯ ಚಿತ್ರಗಳನ್ನು ಬರೆಯಬೇಕೆಂದು ಆತ ಯೋಜನೆ ಹಾಕಿದ. ಅದಕ್ಕೆ ಕರಡು ಮುಖಗಳನ್ನು ಶುರು ಮಾಡಿದ. ಇದ್ದಿಲು, ಸೀಮೆಸುಣ್ಣ, ಕಾಗದ, ಇಷ್ಟೇ ಸಾಮಾನು. ಐವತ್ತಕ್ಕೂ ಹೆಚ್ಚು ಸೇನಾಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಬರೆದ. ಕೈ ಒಳ್ಳೆಯದು, ಅದನ್ನು ಅಲ್ಲಗಳೆಯುವಂತಿಲ್ಲ. ಕೊನೆಗೆ ಆದದ್ದೇನು? ಆ ಏಳು ದೊಡ್ಡ ಚಿತ್ರಗಳು ಬರಲೇ ಇಲ್ಲ. ಹಿಕ್ಕಿ ೧೮೨೪ರಲ್ಲಿ ಮದರಾಸಿನಲ್ಲೇ ತೀರಿಕೊಂಡ. ಕರಡು ಮಾತ್ರ ಉಳಿಯಿತು. ಅದು ಈಗ ಇಂಗ್ಲೆಂಡಿನಲ್ಲಿ ವೆಲ್ಲಿಂಗ್ಟನ್ ಡ್ಯೂಕರ ಮನೆತನದ ಬಂಗಲೆಯಲ್ಲಿದೆ. ಮೊದಲ ಡ್ಯೂಕ್ ಎಂದರೆ ಯಾರೆಂದುಕೊಂಡಿರಿ? ಆಗ ಇಲ್ಲೇ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿಯೇ.

ಆ ದಂಡಯಾತ್ರೆಯ ಪಡೆಯಲ್ಲಿ ಬಿಳಿಯರಿಗಿಂತ ಕಂಪನಿಯ ಕರಿಯ ಸಿಪಾಯಿಗಳೇ ಹೆಚ್ಚು. ಸಾವಿರ ಸಾವಿರ ಎತ್ತುಗಳ ಮೇಲೆ ದವಸ ಹೇರಿಕೊಂಡು ಬಂದವರು ಲಂಬಾಣಿಗಳು. ಕೋಟೆಯೊಳಗೆ ಸತ್ತವರಲ್ಲಿ ನಮ್ಮ ಈ ಸೀಮೆಯ ರೈತಮಕ್ಕಳು ಎಷ್ಟೋ. ಆದರೆ ಆ ಕಟ್ಟಿನಲ್ಲಿರುವುದು ಅಧಿಕಾರಿಗಳ ಮುಖ. ಹೆಸರೂ ಹುದ್ದೆಯೂ ಗೊತ್ತಿರುವ ಮುಖ. ಎತ್ತು ಹೊಡೆದವನ ಮುಖವನ್ನು ನಾನು ಎಲ್ಲಿ ಹುಡುಕಲಿ?

ಹಿಕ್ಕಿ ಬರೆಯದೆ ಉಳಿದದ್ದನ್ನು ಲಂಡನ್ನಿನಲ್ಲಿ ಇನ್ನೊಬ್ಬ ಬರೆದ. ರಾಬರ್ಟ್ ಕೆರ್ ಪೋರ್ಟರ್ ಎಂದು ಹೆಸರು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಶ್ರೀರಂಗಪಟ್ಟಣವನ್ನು ಕಣ್ಣಿನಿಂದ ಕಂಡವನಲ್ಲ. ಸುಮಾರು ೧೨೦ ಅಡಿ ಉದ್ದದ ದೃಶ್ಯಪಟವನ್ನು ಆರೇ ವಾರದಲ್ಲಿ ಬರೆದು ೧೮೦೦ರಲ್ಲಿ ಟಿಕೆಟ್ಟು ಇಟ್ಟು ತೋರಿಸಿದರು. ಲಂಡನ್ನಿನ ಜನ ಮುಗಿಬಿದ್ದು ನೋಡಿದರು. ಅದರಲ್ಲೂ ಇಪ್ಪತ್ತರಷ್ಟು ಅಧಿಕಾರಿಗಳ ಮುಖ ಗುರುತು ಹಿಡಿಯುವಂತೆ ಇದ್ದವು. ಯಾರು ಯಾರೆಂದು ತಿಳಿಯಲು ಒಂದು ಕೈಪಿಡಿ ಬೇರೆ. ಆ ಪಟ ಮುಂದೆ ಬೆಂಕಿಗೆ ಆಹುತಿಯಾಯಿತು. ಪೋರ್ಟರನ ನಸೀಬು ಮಾತ್ರ ಏರಿತು. ೧೮೦೪ರಲ್ಲಿ ರಷ್ಯಾದ ಚಕ್ರವರ್ತಿ ಆತನನ್ನು ಚರಿತ್ರೆಯ ಚಿತ್ರಗಾರನಾಗಿ ಕರೆಸಿಕೊಂಡ. ಪೀಟರ್ಸ್‌ಬರ್ಗಿನ ನೌಕಾ ಕಚೇರಿಯ ಸಭಾಂಗಣಕ್ಕೆ ಮಹಾಶಯ ಪೀಟರ್ ದೊರೆಯ ಚಿತ್ರಗಳನ್ನು ಬರೆದುಕೊಟ್ಟ, ಅಲ್ಲಿಯ ರಾಜಕುಮಾರಿಯೊಬ್ಬಳನ್ನು ಮದುವೆಯಾದ. ನಮ್ಮ ಕೋಟೆ ಬಿದ್ದ ಚಿತ್ರ ಬರೆದು ಹೆಸರು ಮಾಡಿದವನು ರಷ್ಯಾದ ದೊರೆಗಳ ಗೋಡೆಗೆ ಬಣ್ಣ ಹಚ್ಚಿದ ಎಂದರೆ ಲೋಕ ಎಷ್ಟು ಚಿಕ್ಕದು ನೋಡಿ.

ಈಗ ಅದೇ ರಷ್ಯಾಕ್ಕೆ ಹೋಗೋಣ. ಕಾಲ ಮುಕ್ಕಾಲು ಶತಮಾನ ಮುಂದೆ. ದೊರೆ ಮಾತ್ರ ಅದೇ ಪೀಟರ್, ಚಿತ್ರಗಾರ ಬೇರೆ.

ಆತನ ಹೆಸರು ವಾಸಿಲಿ ಸೂರಿಕೊವ್. ಹುಟ್ಟಿದ್ದು ೧೮೪೮ರಲ್ಲಿ, ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ಎಂಬ ಊರಿನಲ್ಲಿ, ಕೊಸಾಕರ ಮನೆಯಲ್ಲಿ. ಕೊಸಾಕರೆಂದರೆ ಗಡಿ ಕಾಯುವ ಕುದುರೆ ಸವಾರರ ಕುಲ. ಬಡವ. ಅದೇ ಊರಿನ ಚಿನ್ನದ ಗಣಿಯ ಸಾಹುಕಾರನೊಬ್ಬ ಹಣ ಕೊಟ್ಟು ಓದಿಸಿದ. ಹುಡುಗನಾಗಿದ್ದಾಗ ಊರಿನ ಬಯಲಿನಲ್ಲಿ ಮರಣದಂಡನೆ ಕೊಡುವುದನ್ನು ಕಣ್ಣಾರೆ ಕಂಡವನು. ಈ ಪುಸ್ತಕದಲ್ಲಿರುವುದು ಆತನ ಚಿತ್ರ. ಮೈಸೂರಿನಲ್ಲಿ ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿತು. ಸೋವಿಯತ್ ಕಾಲದ ಅಚ್ಚು, ಬಣ್ಣ ಇನ್ನೂ ಮಾಸಿಲ್ಲ. ಕೈಯಿಂದ ಕೈಗೆ ದಾಟಿಸಿ. ಹಿಂದಿನವರಿಗೆ ಕಾಣದಿದ್ದರೆ ದೀಪದ ಹತ್ತಿರ ಬನ್ನಿ.

ಚಿತ್ರದ ಹೆಸರು ಸ್ತ್ರೆಲ್ತ್ಸಿಗಳ ಮರಣದಂಡನೆಯ ಬೆಳಗು. ಏಳಡಿ ಎತ್ತರ, ಹನ್ನೆರಡೂವರೆ ಅಡಿ ಅಗಲ. ೧೮೭೮ರಲ್ಲಿ ಕೈಹಚ್ಚಿ ೧೮೮೧ರಲ್ಲಿ ಮುಗಿಸಿದ. ಸ್ತ್ರೆಲ್ತ್ಸಿಗಳೆಂದರೆ ಮಾಸ್ಕೋವಿನ ಹಳೆಯ ಬಂದೂಕಿನ ಪಡೆ. ಯುದ್ಧವಿಲ್ಲದಾಗ ಸಣ್ಣ ವ್ಯಾಪಾರ, ಕೈಕಸುಬು ಮಾಡಿಕೊಂಡು ಬದುಕುವವರು. ಇಲ್ಲಿ ಕುಳಿತ ಅಂಗಡಿಯವರಂಥವರೇ ಎನ್ನಿ. ಪೀಟರ್ ದೊರೆ ಪರದೇಶಕ್ಕೆ ಹೋಗಿದ್ದಾಗ, ೧೬೯೮ರಲ್ಲಿ, ದಂಗೆ ಎದ್ದರು. ದೊರೆ ಓಡಿ ಬಂದ. ಆ ವರ್ಷದ ಶರತ್ಕಾಲದಿಂದ ಮೊದಲುಗೊಂಡು ನೂರಾರು ಜನರ ತಲೆ ಹೋಯಿತು. ಚಿತ್ರದಲ್ಲಿರುವುದು ಆ ಬೆಳಗು. ಕೊಲೆ ಇನ್ನೂ ಶುರುವಾಗಿಲ್ಲ. ಬಿಳಿ ಅಂಗಿ ತೊಟ್ಟವರನ್ನು ಗಾಡಿಗಳಲ್ಲಿ ತಂದಿದ್ದಾರೆ, ಕೈಗೆ ಒಂದೊಂದು ಉರಿವ ಮೇಣದ ಬತ್ತಿ. ಹೆಂಡಿರು ಮಕ್ಕಳು ಅಳುತ್ತಿದ್ದಾರೆ. ಬಲಗಡೆ ದೂರದಲ್ಲಿ ಕುದುರೆಯ ಮೇಲೆ ಪೀಟರ್. ಎಡಗಡೆ ಗಾಡಿಯಲ್ಲಿ ಒಬ್ಬ ಕೆಂಪು ಗಡ್ಡದವನಿದ್ದಾನೆ ನೋಡಿ. ಬೆರಳಿಟ್ಟು ತೋರಿಸುವುದೇ ಬೇಡ, ತಾನಾಗಿ ಕಣ್ಣಿಗೆ ಬೀಳುತ್ತಾನೆ. ಕೈಕಟ್ಟಿದ್ದರೂ ಬತ್ತಿಯನ್ನು ಚೂರಿ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದಾನೆ. ಅಷ್ಟು ಜನರ ತಲೆಯ ಮೇಲಿಂದ ನೇರ ದೊರೆಯ ಕಣ್ಣಿಗೇ ಕಣ್ಣಿಟ್ಟಿದ್ದಾನೆ.

ಆ ಮುಖ ಎಲ್ಲಿಂದ ಬಂತು? ಸೂರಿಕೊವ್ ಮುಪ್ಪಿನಲ್ಲಿ ವೊಲೊಶಿನ್ ಎಂಬ ಕವಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ, ಕವಿ ಬರೆದಿಟ್ಟುಕೊಂಡ. ಹಾಗಾಗಿ ನಮಗೆ ಗೊತ್ತಾಗಿದೆ. ಮಾಸ್ಕೋವಿನ ವಗಾನ್ಕೊವೊ ಸ್ಮಶಾನದಲ್ಲಿ ಕುಜ್ಮ ಎಂಬುವನು ಗೋರಿ ತೋಡುತ್ತಿದ್ದ. ಕುಳಿಬಿದ್ದ ಕಣ್ಣು, ಯಾರಿಗೂ ಬಗ್ಗದ ಸ್ವಭಾವ. ಆತನನ್ನು ಕಂಡದ್ದೇ ಸೂರಿಕೊವನಿಗೆ ತನ್ನ ಸಿಪಾಯಿ ಸಿಕ್ಕಿದ ಹಾಗಾಯಿತು. ಬಾ, ಕೂತುಕೋ, ಬರೆಯುತ್ತೇನೆ ಎಂದ. ಕುಜ್ಮ ಜಾರುಬಂಡಿಗೆ ಒಂದು ಕಾಲಿಟ್ಟ. ಜೊತೆಯವರು ನಕ್ಕರು. ಒಲ್ಲೆ ಎಂದು ಕಾಲು ತೆಗೆದ. ಗೋಗರೆದು ಗೋಗರೆದು ಕರೆತರಬೇಕಾಯಿತು. ಕೂತ ಮೇಲೆ ಕುಜ್ಮ ಒಂದು ಪ್ರಶ್ನೆ ಕೇಳಿದ. ನನ್ನ ತಲೆಯನ್ನೇನು ಕಡಿಯುತ್ತಾರೆಯೇ, ಎಂದು. ಸೂರಿಕೊವ್ ಉತ್ತರ ಕೊಡಲಿಲ್ಲ. ಮರಣದಂಡನೆಯ ಚಿತ್ರ ಬರೆಯುತ್ತಿದ್ದೇನೆಂದು ಎದುರಿಗೆ ಕೂತವರಿಗೆ ಹೇಳಲು ತನಗೆ ಸಂಕೋಚವಾಗುತ್ತಿತ್ತು ಎಂದು ತಾನೇ ಒಪ್ಪಿಕೊಂಡಿದ್ದಾನೆ.

ಈ ಕುಜ್ಮನ ವಿಷಯಕ್ಕೆ ಮತ್ತೆ ಬರುತ್ತೇನೆ. ಉಳಿದ ಮುಖಗಳನ್ನೂ ಕೇಳಿ. ಕಪ್ಪು ಗಡ್ಡದವನಿಗೆ ತನ್ನ ಸೋದರಮಾವನನ್ನೇ ಮಾದರಿ ಮಾಡಿಕೊಂಡ. ಗಾಡಿ, ನೊಗ, ಚಕ್ರಕ್ಕೆ ಸಂತೆ ಸಂತೆ ಸುತ್ತಿ, ಸಂತೆಗೆ ಬಂದ ಗಾಡಿಗಳನ್ನೇ ನೋಡಿ ಬರೆದುಕೊಂಡ. ಸಂತೆಯ ಹೆಸರನ್ನೇ ಹೊತ್ತ ನಮ್ಮ ಊರಿಗೆ ಈ ಮಾತು ಹಿಡಿಸಬೇಕು. ಒಂದು ದಿನ ಆತನ ಗೆಳೆಯ ಇಲ್ಯಾ ರೇಪಿನ್, ಅವನೂ ದೊಡ್ಡ ಚಿತ್ರಗಾರನೇ, ಬಂದು ನೋಡಿ, ಒಬ್ಬನನ್ನೂ ನೇಣಿಗೆ ಹಾಕಿಲ್ಲವಲ್ಲ, ಬಲಗಡೆ ಒಬ್ಬಿಬ್ಬರನ್ನಾದರೂ ತೂಗುಹಾಕು ಎಂದ. ಸೂರಿಕೊವನಿಗೆ ಮನಸ್ಸಿಲ್ಲ, ಆದರೂ ಸೀಮೆಸುಣ್ಣದಲ್ಲಿ ಒಂದು ಹೆಣ ಗೀಚಿದ. ಮನೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದ ಆಯಾ ಕೋಣೆಗೆ ಬಂದವಳು ಅದನ್ನು ಕಂಡು ಮೂರ್ಛೆ ಹೋದಳು. ಅಂದೇ ಬಂದ ಚಿತ್ರಸಂಗ್ರಾಹಕ ತ್ರೆತ್ಯಾಕೊವ್, ಚಿತ್ರವನ್ನೆಲ್ಲ ಕೆಡಿಸಬೇಕೆಂದಿದ್ದೀಯಾ ಎಂದ. ಹೆಣ ಅಳಿಸಿ ಹೋಯಿತು. ಇಡೀ ಚಿತ್ರದಲ್ಲಿ ಒಂದು ತೊಟ್ಟು ರಕ್ತವಿಲ್ಲ. ಬೇಕಾಗಿಯೂ ಇಲ್ಲ, ಮುಖಗಳೇ ಎಲ್ಲವನ್ನೂ ಹೇಳುತ್ತವೆ.

ಎರಡನೆಯ ಚಿತ್ರ ೧೮೮೭ರದು. ಬೊಯಾರಿನ ಮೊರೊಜೊವಾ. ಅಳತೆ ಕೇಳಿ: ಹತ್ತು ಅಡಿ ಎತ್ತರ, ಹತ್ತೊಂಬತ್ತು ಕಾಲು ಅಡಿ ಅಗಲ. ನಮ್ಮ ಈ ಗೋಡೆಗೂ ಅದಕ್ಕೂ ಗೇಣಿನಷ್ಟೇ ವ್ಯತ್ಯಾಸ! ಮೊರೊಜೊವಾ ಶ್ರೀಮಂತ ಜಮೀನ್ದಾರಿತಿ. ಇಗರ್ಜಿಯ ಪದ್ಧತಿಯನ್ನು ದೊರೆ, ಗುರುಗಳು ಬದಲಾಯಿಸಿದಾಗ ಒಪ್ಪದವಳು. ಶಿಲುಬೆಯ ಗುರುತನ್ನು ಎರಡು ಬೆರಳಿನಿಂದ ಮಾಡಬೇಕೇ ಮೂರು ಬೆರಳಿನಿಂದಲೇ ಎಂಬುದು ಜಗಳ. ನಗಬೇಡಿ, ತೆಂಕಲೆ ವಡಕಲೆ ನಾಮಕ್ಕಾಗಿ ನಮ್ಮಲ್ಲಿ ಕೋರ್ಟು ಹತ್ತಿದವರಿದ್ದಾರೆ. ಅವಳನ್ನು ೧೬೭೧ರಲ್ಲಿ ಹಿಡಿದರು. ೧೬೭೫ರಲ್ಲಿ ಸೆರೆಯಲ್ಲಿ ಹಸಿವಿನಿಂದ ಸತ್ತಳು. ಸಂಕೋಲೆ ತೊಡಿಸಿ ಜಾರುಬಂಡಿಯಲ್ಲಿ ಹಿಮದ ಮೇಲೆ ಎಳೆದೊಯ್ಯುತ್ತಿದ್ದಾರೆ. ಅವಳು ಎರಡು ಬೆರಳು ಮೇಲೆತ್ತಿದ್ದಾಳೆ. ಬೀದಿಯ ಎರಡೂ ಕಡೆ ಜನ.

ಇಲ್ಲಿ ಸೂರಿಕೊವನಿಗೆ ಒದಗಿದ ಕಷ್ಟ ನನಗೆ ಬಹಳ ಇಷ್ಟವಾಯಿತು. ಆತ ಮೊದಲು ಬರೆದದ್ದು ಜನವನ್ನು. ಆ ಜನದ ಮುಖಗಳು ಎಷ್ಟು ಜೀವಂತವಾಗಿ ಬಂದವೆಂದರೆ, ನಡುವೆ ನಾಯಕಿಯ ಮುಖ ಇಟ್ಟರೆ ಅದು ಸೋತು ಹೋಗುತ್ತಿತ್ತು. ಬಹುಕಾಲ ನಾಯಕಿಗೆ ಮುಖವೇ ಸಿಕ್ಕಲಿಲ್ಲ. ಕೊನೆಗೆ ಯೂರಲ್ ಪರ್ವತದ ಕಡೆಯಿಂದ ಹಳೆಯ ಪದ್ಧತಿಯ ಹೆಂಗಸೊಬ್ಬಳು ಬಂದಳು, ಅನಸ್ತಾಸಿಯ ಮಿಖಾಯ್ಲೊವ್ನ ಎಂದು. ತೋಟದಲ್ಲಿ ಕೂರಿಸಿಕೊಂಡು ಎರಡೇ ಗಂಟೆಯಲ್ಲಿ ಕರಡು ಬರೆದ. ಅದನ್ನು ಚಿತ್ರಕ್ಕೆ ಇಳಿಸಿದಾಗ ಅವಳು ಎಲ್ಲರನ್ನೂ ಗೆದ್ದಳಂತೆ. ನಮ್ಮ ಪಟ್ಟಿ ತಯಾರಾದ ಕ್ರಮ ಇದಕ್ಕೆ ತಿರುಗುಮುರುಗು: ನಾವು ಮೊದಲು ನಾಯಕರ ಮುಖ ಗೊತ್ತು ಮಾಡಿಕೊಂಡು ಜನವನ್ನು ಆಮೇಲೆ ತುಂಬಲು ಹೊರಟಿದ್ದೇವೆ.

ಅದೇ ಚಿತ್ರದ ಬಲಮೂಲೆಯಲ್ಲಿ ಹಿಮದ ಮೇಲೆ ಬರಿಗಾಲಿನಲ್ಲಿ, ಹರಕು ಬಟ್ಟೆಯಲ್ಲಿ, ಕೊರಳಿಗೆ ಕಬ್ಬಿಣದ ಸರಪಳಿ ಹಾಕಿಕೊಂಡ ಭಿಕಾರಿ ಕುಳಿತಿದ್ದಾನೆ. ದೇವರ ಹುಚ್ಚು ಹಿಡಿದವನು. ನಮ್ಮ ಅವಧೂತರ ಹಾಗೆ. ಆ ಇಡೀ ಬೀದಿಯಲ್ಲಿ ಅವಳಿಗೆ ಉತ್ತರವಾಗಿ ಎರಡು ಬೆರಳು ಎತ್ತಿದವನು ಅವನೇ. ಮಾದರಿ ಯಾರು? ಹಳೆ ಸಾಮಾನಿನ ಸಂತೆಯಲ್ಲಿ ಸೌತೆಕಾಯಿ ಮಾರುತ್ತಿದ್ದವನು. ನಿಜವಾದ ಹಿಮದ ಮೇಲೆ, ತೆಳು ಅಂಗಿಯಲ್ಲಿ, ಬರಿಗಾಲಿನಲ್ಲಿ ಕೂರಿಸಿ ಬರೆದ. ಕಾಲು ನೀಲಿಗಟ್ಟಿತು. ಸೂರಿಕೊವ್ ಕುಡಿಯಲು ವೋಡ್ಕ ಕೊಟ್ಟು, ಅದೇ ವೋಡ್ಕದಿಂದ ಕಾಲು ತಿಕ್ಕಿದ. ಮೂರು ರೂಬಲ್ ಕೂಲಿ ಕೊಟ್ಟ. ಅವನ ಪಾಲಿಗೆ ದೊಡ್ಡ ಗಂಟು. ಅವನು ಮೊಟ್ಟಮೊದಲು ಮಾಡಿದ ಕೆಲಸ ಒಂದು ರೂಬಲ್ ಎಪ್ಪತ್ತೈದು ಕೊಪೆಕ್ ಕೊಟ್ಟು ಸೊಗಸಾದ ಕುದುರೆ ಸಾರೋಟು ಮಾಡಿಕೊಂಡು ಹೋದದ್ದು! ಬಡವನಿಗೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾನೆ ಎಂದು ಕೆಲವರು ತಲೆಯಾಡಿಸಬಹುದು. ನನಗೇನೋ ಅವನ ಮೇಲೆ ಬಹಳ ವಿಶ್ವಾಸ ಬಂತು. ಹಿಮದಲ್ಲಿ ಕೂತ ಕಾಲು, ಒಂದು ದಿನ ಸಾರೋಟಿನಲ್ಲಿ ಚಾಚಿಕೊಂಡಿತು.

ಗೆಳೆಯ ರೇಪಿನ್‌ನ ಮಾತು ಎತ್ತಿದೆನಲ್ಲ. ಅವನದೂ ಒಂದು ಕಥೆ, ಬೇಗ ಹೇಳಿಬಿಡುತ್ತೇನೆ. ೧೮೭೦ರ ಬೇಸಿಗೆಯಲ್ಲಿ ಆತ ವೋಲ್ಗಾ ನದಿಯ ದಡಕ್ಕೆ ಹೋಗಿ, ಹಗ್ಗ ಕಟ್ಟಿಕೊಂಡು ದೋಣಿ ಎಳೆಯುವ ಕೂಲಿಗಳ ಕರಡು ಮುಖಗಳನ್ನು ಬರೆದ. ಅವರಲ್ಲಿ ಕಾನಿನ್ ಎಂಬುವನು, ಪಾದ್ರಿಯ ದೀಕ್ಷೆ ಕಳೆದುಕೊಂಡು ಕೂಲಿಗೆ ಇಳಿದವನು, ೧೮೭೩ರಲ್ಲಿ ಮುಗಿದ ಆ ಚಿತ್ರದಲ್ಲಿ ಮುಂದಾಳಾಗಿ ನಿಂತಿದ್ದಾನೆ. ಮೂವತ್ತು ವರ್ಷದ ಮೇಲೆ ಅದೇ ರೇಪಿನ್‌ಗೆ ಸರ್ಕಾರ ಕೆಲಸ ಕೊಟ್ಟಿತು. ಚಕ್ರವರ್ತಿಯ ರಾಜ್ಯಸಭೆಗೆ ನೂರು ತುಂಬಿತು. ೧೯೦೧ರ ಮೇ ೭ರ ಉತ್ಸವದ ಕೂಟವನ್ನು ಬರೆಯಬೇಕು. ಹದಿಮೂರು ಅಡಿ ಎತ್ತರ, ಇಪ್ಪತ್ತೆಂಟೂ ಮುಕ್ಕಾಲು ಅಡಿ ಅಗಲ. ಎಂಬತ್ತೊಂದು ಜನ, ಎಲ್ಲ ಮಂತ್ರಿ ಮಾನ್ಯರೇ. ಕುಸ್ತೊದಿಯೆವ್, ಕುಲಿಕೊವ್ ಎಂಬ ಇಬ್ಬರು ಶಿಷ್ಯರನ್ನು ಜೊತೆಗಿಟ್ಟುಕೊಂಡು ೧೯೦೩ರಲ್ಲಿ ಮುಗಿಸಿದ. ಅದಕ್ಕಾಗಿ ಬರೆದ ಕರಡು ಮುಖಗಳು ಚಿತ್ರಕ್ಕಿಂತ ಮೇಲು ಎಂದು ಬಲ್ಲವರು ಹೇಳುತ್ತಾರೆ, ನನಗೂ ಹಾಗೇ ಕಂಡಿತು. ಪೊಬೆದೊನೊಸ್ತ್ಸೆವ್ ಎಂಬ ಮುದುಕ ಮಂತ್ರಿಯ ಮುಖ ನೋಡಿ, ಕೈಜೋಡಿಸಿ ಕುಳಿತಿದ್ದಾನೆ, ಕಣ್ಣಿನಲ್ಲಿ ಜೀವವಿಲ್ಲ. ದೊಡ್ಡವರ ಮುಖ ಬರೆಯಬಾರದೆಂದು ನಾನು ಹೇಳುತ್ತಿಲ್ಲ. ರೇಪಿನ್ ಕೂಲಿಗೆ ಹಿಡಿದ ಕನ್ನಡಿಯನ್ನೇ ಮಂತ್ರಿಗೂ ಹಿಡಿದ. ಆದರೆ ಆ ಬಣ್ಣ ಒಣಗಿ ಎರಡು ವರ್ಷವಾಗುವಷ್ಟರಲ್ಲಿ ೧೯೦೫ರ ಕ್ರಾಂತಿ ಬೀದಿಗೆ ಬಂದಿತ್ತು. ಬೀದಿಯವನು ಒಬ್ಬನೂ ಆ ಎಂಬತ್ತೊಂದು ಜನರಲ್ಲಿ ಇರಲಿಲ್ಲ.

ಇನ್ನು ಕುಜ್ಮನ ಪ್ರಶ್ನೆ. ಸೂರಿಕೊವ್ ದೊಡ್ಡವನು, ಅವನ ಮುಂದೆ ನಾನು ಯಾವ ಗಿಡದ ತೊಪ್ಪಲು. ಆದರೂ ಒಂದು ತಕರಾರು ಇದೆ. ಕುಜ್ಮ ಕೇಳಿದಾಗ ಆತ ಹೇಳಬೇಕಾಗಿತ್ತು.

ಈ ತಕರಾರು ಎಲ್ಲಿಂದ ಬಂತೆಂದರೆ, ನಾನೇ ಆ ತಪ್ಪು ಮಾಡಿದ್ದೇನೆ. ಮೇಷ್ಟರಾಗಿದ್ದಾಗ ಒಂದು ಗಣರಾಜ್ಯೋತ್ಸವಕ್ಕೆ ಟ್ರ್ಯಾಕ್ಟರಿನ ಮೇಲೆ ಒಂದು ದೃಶ್ಯ ಕಟ್ಟಿದೆವು. ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆ ಹೊರುತ್ತಿದ್ದ ಒಬ್ಬ ಅಜ್ಜನನ್ನು ಕರೆತಂದೆ. ಎದೆಮೂಳೆ ಎಣಿಸಬಹುದಾದ ದೇಹ. "ಸುಮ್ಮನೆ ನಿಂತುಕೋ ಅಜ್ಜ, ಟೀ ಬನ್ನು ಕೊಡುತ್ತೇವೆ" ಎಂದೆ. ಅಂಗಿ ಬಿಚ್ಚಿಸಿ, ಕೊರಳಿಗೆ ಒಂದು ರಟ್ಟು ತೂಗುಹಾಕಿದೆ. ರಟ್ಟಿನ ಮೇಲೆ "ಬರಗಾಲ" ಎಂದು ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ. ಅಜ್ಜನಿಗೆ ಓದು ಬಾರದು. ಊರೆಲ್ಲ ಸುತ್ತಿ ಬಂದೆವು, ನಮಗೆ ಬಹುಮಾನವೂ ಬಂತು. ಸಂಜೆ ಅವನ ಮೊಮ್ಮಗ, ನನ್ನ ನಾಲ್ಕನೆಯ ತರಗತಿಯ ಹುಡುಗ, ಅದೇ ರಟ್ಟನ್ನು ತಾತನಿಗೆ ಓದಿ ಹೇಳಿದ್ದಾನೆ. ಮಾರನೆಯ ದಿನ ಅಜ್ಜ ಶಾಲೆಯ ಬಾಗಿಲಿಗೆ ಬಂದು, "ಮೇಷ್ಟ್ರೇ, ನಾನು ಇವತ್ತಿನಗಂಟ ಯಾರ ತಾವೂ ಬೇಡ್ಕೊಂಡು ಉಂಡೋನಲ್ಲ ಕಣಪ್ಪ" ಎಂದ. ಅಷ್ಟೇ ಹೇಳಿ ಹೊರಟು ಹೋದ. ಮೊಮ್ಮಗ ಆಮೇಲೆ ನನ್ನ ಪಾಠಕ್ಕೆ ತಲೆ ಎತ್ತಿ ಕೂರಲಿಲ್ಲ. ಅಜ್ಜ ಈಗಿಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟು, ಸಭೆ ಒಪ್ಪಬೇಕು. ಪಟ್ಟಿ ರದ್ದಾಗಲಿ, ನನ್ನ ಹೆಸರನ್ನು ಮೊದಲು ಹೊಡೆಯಿರಿ. ಮುಳುಗಡೆಯಾದ ಊರುಗಳಿಂದ ಬಂದವರು ನಮ್ಮ ನಡುವೆ ಇನ್ನೂ ಇದ್ದಾರೆ. ಆಗ ಇಪ್ಪತ್ತರ ಹರೆಯದಲ್ಲಿ ಇದ್ದವರಿಗೆ ಈಗ ಎಪ್ಪತ್ತು ದಾಟಿದೆ. ವರ್ಷ ವರ್ಷ ಎಣಿಕೆ ಇಳಿಯುತ್ತಿದೆ. ಹಾಡಿಗಳಲ್ಲಿ ಜೇನುಕುರುಬರ ಹಿರಿಯರಿದ್ದಾರೆ, ಅವರದೂ ಕಾಡು ಹೋಗಿದೆ. ಹುಡುಗ ಮೊದಲು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕಾಗದದ ಮೇಲೆ ಇದ್ದಿಲಿನಲ್ಲಿ ಕರಡು ಬರೆಯಲಿ. ಗೋಡೆ ಆರು ತಿಂಗಳು ಬಿಳಿಯಾಗಿಯೇ ಇದ್ದರೆ ಯಾರ ಗಂಟೂ ಹೋಗುವುದಿಲ್ಲ. ಎದುರು ಕೂತವರಿಗೆ ಅಂದಿನ ಕೂಲಿ ಕೊಡಬೇಕು. ಚಂದಾ ಹಣ ಅದಕ್ಕಿಂತ ಒಳ್ಳೆಯ ಖರ್ಚು ಕಾಣದು. ಟೀ ಬನ್ನು ಬೇರೆ, ಅದು ಕೂಲಿಯಲ್ಲಿ ಸೇರುವುದಿಲ್ಲ. ಯಾವ ಚಿತ್ರ, ಅದರಲ್ಲಿ ಅವರು ಎಲ್ಲಿ ನಿಲ್ಲುತ್ತಾರೆ, ಏನು ಮಾಡುತ್ತಿರುತ್ತಾರೆ ಎಂದು ಮೊದಲೇ ಬಾಯಿಬಿಟ್ಟು ಹೇಳಬೇಕು. ಒಲ್ಲೆ ಎಂದರೆ ಕೈಮುಗಿದು ಬರಬೇಕು. ಹಾಳೆಯ ಹಿಂದೆ ಅವರ ಹೆಸರು, ಊರು, ಮುಳುಗಿದ ಊರಿನ ಹೆಸರು ಬರೆಯಬೇಕು. ಹಿಕ್ಕಿಯ ಅಧಿಕಾರಿಗಳಿಗೆ ಪೂರ್ಣ ಹೆಸರಿದೆ. ಕುಜ್ಮನಿಗೆ ಅರ್ಧ ಹೆಸರು. ಸೌತೆಕಾಯಿಯವನಿಗೆ ಅದೂ ಇಲ್ಲ.

ಹಣ ಕೊಟ್ಟವರಿಗೆ ಬೇಸರವಾದೀತು ಎಂಬ ಮಾತು ಬಂದಿದೆ. ಅವರ ಹೆಸರನ್ನು ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸೋಣ, ನನ್ನದೇನೂ ಅಡ್ಡಿಯಿಲ್ಲ. ಗೋಡೆಯ ಮೇಲೆ ಮಾತ್ರ ಗಾಡಿ ಹೂಡಿದವರೇ ಇರಲಿ.

ನಿನ್ನೆ ಸಂಜೆ ನಾನೂ ಹುಡುಗನೂ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಹೋಗಿದ್ದೆವು. ತಾವೆಲ್ಲ ಬಲ್ಲಿರಿ, ಹೆಸರು ಈಗ ಬೇಡ. ಅವರು ಒಪ್ಪಿದ ಮೇಲೆ ಹಾಳೆಯ ಹಿಂದೆ ಬರೆಯೋಣ. ಇಂಥ ಚಿತ್ರ, ನೀರು ಬರುತ್ತಿದೆ, ಜನ ಅಳುತ್ತಾ ಗಾಡಿ ಹತ್ತುತ್ತಿದ್ದಾರೆ, ಅದರಲ್ಲಿ ನಿಮ್ಮ ಮುಖ ಬೇಕು ಎಂದು ಹೇಳಿದೆ. ಅಜ್ಜಿ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಲೇ ಕೇಳಿದರು: "ನಾನೂ ಅಳ್ತಾ ಇರಬೇಕಾ?" ಹುಡುಗ ಹೌದೆಂದ. "ಅವತ್ತು ನಾನು ಅತ್ತಿಲ್ಲ ಕಣಪ್ಪ. ನಮ್ಮ ಹಸ ಗದ್ದೆ ಬಿಟ್ಟು ಬರಾಕಿಲ್ಲ ಅಂತ ನಿಂತುಬುಟ್ಟಿತ್ತು. ಹಗ್ಗ ಹಿಡ್ಕೊಂಡು ಎಳೀತಾ ಇದ್ದೆ, ಬೈಯ್ತಾ ಇದ್ದೆ. ಹಂಗೇ ಬರಿಯೋದಾದ್ರೆ ಬತ್ತೀನಿ."

ಬುಧವಾರ ಹತ್ತು ಗಂಟೆಗೆ ಬರುತ್ತಾರೆ. ಕೂರಲು ಬೆನ್ನು ಒರಗಿಸುವ ಒಂದು ಕುರ್ಚಿ ಬೇಕು, ಯಾರ ಮನೆಯಲ್ಲಾದರೂ ಇದ್ದರೆ ಮಂಗಳವಾರವೇ ತಂದಿಡಿ. ಹಗ್ಗ ಅಜ್ಜಿಯೇ ತರುತ್ತಾರಂತೆ.